ಕ್ವಾಡ್‌ನಲ್ಲಿ ಇದ್ದೇವೆ ಅಂದಮೇಲೆ ಅಮೆರಿಕದ ಯುದ್ಧ ಕಾರವಾರಕ್ಕೂ ಬರುತ್ತದೆಯೇ?

ಪ್ರಶ್ನೆ: ನಮ್ಮ ಮೂಲ ಊರು ಅರಗಾ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಹೋದಮೇಲೆ ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದೆವು. ಯಜಮಾನರು ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾರೆ. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ, ಮುಗಿದ ಕೂಡಲೇ ಅಗ್ನಿವೀರನಾಗಿ ನೇವಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. 2025ರ ಏಪ್ರಿಲ್‌ನಲ್ಲಿ ಒಂಬತ್ತು ದೇಶಗಳ ನೌಕಾಪಡೆಯವರು ಕಾರವಾರಕ್ಕೆ ಬಂದು ನಮ್ಮ ಹಡಗು ಹತ್ತಿ ಹೋದರಲ್ಲ, ಆಗಿನಿಂದ ನಮ್ಮ ಸಂಘದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದೇ ಚರ್ಚೆ. ‘ಭಾರತ ಕ್ವಾಡ್‌ಗೆ ಸಹಿ ಹಾಕಿಬಿಟ್ಟಿದೆ, ನಾಳೆ ಅಮೆರಿಕ ಚೀನಾದ ಮೇಲೆ ಯುದ್ಧಕ್ಕೆ ಹೋದರೆ ನಾವೂ ಹೋಗಲೇಬೇಕು, ಮೊದಲ ಬಾಂಬ್ ಕಾರವಾರಕ್ಕೇ’ ಅನ್ನುತ್ತಾರೆ. ಮೊದಲ ಮಹಾಯುದ್ಧವೂ ಹೀಗೇ ಆಯಿತು, ಒಬ್ಬ ರಾಜಕುಮಾರನ ಕೊಲೆಗೆ ಒಪ್ಪಂದದ ದೆಸೆಯಿಂದ ಎಲ್ಲರೂ ಯುದ್ಧಕ್ಕೆ ಬಿದ್ದರು ಅಂತ ಮಗ ಪುಸ್ತಕ ತೋರಿಸುತ್ತಾನೆ. ಇದು ನಿಜವೇ? ಅಷ್ಟು ದೊಡ್ಡ ದೇಶಗಳು ಬೇರೆಯವರ ಯುದ್ಧದಲ್ಲಿ ಹೇಗೆ ಸಿಕ್ಕಿಬೀಳುತ್ತವೆ? ಸಿರಸಿಯಲ್ಲಿ ಅಕ್ಕನ ಮನೆಯಿದೆ, ಸುಮ್ಮನೆ ಅಲ್ಲಿಗೆ ಹೋಗಿಬಿಡೋಣ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.
— ಒಬ್ಬ ತಾಯಿ, ಕಾರವಾರ ತಾಲ್ಲೂಕು

ಉತ್ತರ: ಒಂದು ಸಲ ನೆಲ ಬಿಟ್ಟುಕೊಟ್ಟವರಿಗೆ ‘ಇನ್ನೊಮ್ಮೆ ಏಳಬೇಕಾದೀತೇ’ ಎಂಬ ಭಯ ಬೇಗ ಬರುತ್ತದೆ. ಅದನ್ನು ಅತಿಯಾಯಿತು ಅನ್ನಲಾರೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಒಂದು, ದೇಶವೊಂದು ಸಹಿ ಹಾಕಿದ ತಪ್ಪಿಗೆ ಪರರ ಯುದ್ಧಕ್ಕೆ ಹೋಗಬೇಕಾಗುತ್ತದೆ ಎಂಬುದು. ಇನ್ನೊಂದು, ಪಕ್ಕದಲ್ಲೇ ನೌಕಾನೆಲೆ ಇರುವುದರಿಂದ ನಿಮ್ಮ ಮನೆಗೆ ಅಪಾಯ ಎಂಬುದು. ಎರಡನ್ನೂ ಬಿಡಿಸಿಯೇ ನೋಡಬೇಕು.

ಮೊದಲು ವಾಟ್ಸ್ಆ್ಯಪ್ ಮಾತು ಮುಗಿಸಿಬಿಡೋಣ. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿದ ಕ್ವಾಡ್‌ನಲ್ಲಿ ‘ಒಬ್ಬರ ಮೇಲೆ ದಾಳಿಯಾದರೆ ಎಲ್ಲರೂ ಬರಬೇಕು’ ಎನ್ನುವ ಒಪ್ಪಂದವೇ ಇಲ್ಲ. ಅದೊಂದು ಮಾತುಕತೆಯ ವೇದಿಕೆ. 2004ರ ಸುನಾಮಿ ಪರಿಹಾರದ ವೇಳೆ ಈ ನಾಲ್ವರೂ ಒಟ್ಟಿಗೆ ಕೆಲಸ ಮಾಡಿದ್ದರು, 2007ರಲ್ಲಿ ಕೂತು ಮಾತಾಡಿದರು, ನಡುವೆ ತಣ್ಣಗಾಗಿ 2017ರಲ್ಲಿ ಮತ್ತೆ ಚಿಗುರಿತು. ಇನ್ನು ನೀವು ಹೇಳಿದ ಏಪ್ರಿಲ್‌ನ ಹಡಗು ಐಎನ್‌ಎಸ್ ಸುನಯನಾ. ಅದನ್ನು ಹತ್ತಿದ 44 ಮಂದಿ ವಿದೇಶಿ ನಾವಿಕರು ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಷೆಲ್ಸ್, ಶ್ರೀಲಂಕಾ ಮತ್ತು ಟಾಂಜಾನಿಯಾದವರು. ಕ್ವಾಡ್‌ನ ಉಳಿದ ಮೂರು ದೇಶಗಳ ಒಬ್ಬರೂ ಅದರಲ್ಲಿ ಇರಲಿಲ್ಲ. ಹಿಂದೂ ಮಹಾಸಾಗರದ ಸಣ್ಣ ದೇಶಗಳವರಿಗೆ ತರಬೇತಿ, ದಾರಿಯಲ್ಲಿ ಜಂಟಿ ಗಸ್ತು, ಅಷ್ಟೇ ಅದರ ಕೆಲಸ. ಅದನ್ನು ಮಹಾಯುದ್ಧದ ಕೂಟ ಅನ್ನಲು ತುಂಬಾ ಧೈರ್ಯ ಬೇಕು.

ಈಗ ಮಗನ ಪುಸ್ತಕಕ್ಕೆ ಬರುತ್ತೇನೆ. ಅಂತಾರಾಷ್ಟ್ರೀಯ ಸಂಬಂಧಗಳ ಪಾಠ ಮಾಡಿ ನಿವೃತ್ತನಾದವನು ನಾನು. ‘ಒಪ್ಪಂದಗಳ ಸರಪಳಿ ಎಳೆದು ಎಲ್ಲರೂ ಯುದ್ಧಕ್ಕೆ ಬಿದ್ದರು’ ಎಂಬ ವಾಕ್ಯವನ್ನು ಉತ್ತರ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅಂಕ ಕೊಡದೆ ಇರಲೂ ಆಗುತ್ತಿರಲಿಲ್ಲ, ಪುಸ್ತಕದಲ್ಲೇ ಹಾಗಿದೆಯಲ್ಲ. ಆದರೆ 1914ರ ಬೇಸಿಗೆಯಲ್ಲಿ ಆದದ್ದನ್ನು ತುಸು ಹತ್ತಿರದಿಂದ ನೋಡಿದರೆ ಆ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ತನ್ನ ರಾಜಕುಮಾರನ ಕೊಲೆಗೆ ಪ್ರತಿಯಾಗಿ ಆಸ್ಟ್ರಿಯಾ ಸರ್ಬಿಯಾದ ಮೇಲೆ ಏರಿ ಹೋದಾಗ ಸರ್ಬಿಯಾದ ಬೆನ್ನಿಗೆ ನಿಂತದ್ದು ರಷ್ಯಾ. ಆ ಎರಡು ದೇಶಗಳ ನಡುವೆ ಹಾಗೆ ನಿಲ್ಲಲೇಬೇಕು ಎನ್ನುವ ರಕ್ಷಣಾ ಒಪ್ಪಂದ ಇರಲಿಲ್ಲ. ಬಾಲ್ಕನ್ ಪ್ರದೇಶದಲ್ಲಿ ತನ್ನ ಮರ್ಯಾದೆ ಉಳಿಯಬೇಕು ಎಂದು ರಷ್ಯಾ ಲೆಕ್ಕ ಹಾಕಿತು, ನಿಂತಿತು. ಅತ್ತ ಒಪ್ಪಂದ ಇದ್ದವರು ಏನು ಮಾಡಿದರು ನೋಡಿ. ಜರ್ಮನಿ, ಆಸ್ಟ್ರಿಯಾಗಳ ಜೊತೆ ಇಟಲಿ 1882ರಿಂದಲೇ ತ್ರಿಮೈತ್ರಿ ಕೂಟದಲ್ಲಿತ್ತು. ಯುದ್ಧ ಶುರುವಾದಾಗ ‘ಇದು ರಕ್ಷಣೆಯ ಯುದ್ಧ ಅಲ್ಲ, ನೀವೇ ಮೇಲೆಬಿದ್ದು ಹೋದದ್ದು’ ಎಂದು ತಟಸ್ಥವಾಗಿ ಕೂತಿತು. ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಎದುರು ಪಕ್ಷದ ಜೊತೆ ವ್ಯವಹಾರ ಕುದುರಿಸಿಕೊಂಡು, ಮೇ 23ಕ್ಕೆ ತನ್ನ ಹಳೆಯ ಮಿತ್ರ ಆಸ್ಟ್ರಿಯಾದ ಮೇಲೆಯೇ ಯುದ್ಧ ಸಾರಿತು. ರುಮೇನಿಯಾದ್ದೂ ಸರಿಸುಮಾರು ಅದೇ ಕಥೆ.

ಹಾಗಾದರೆ ಬ್ರಿಟನ್ ಯಾಕೆ ಬಂತು? ಬೆಲ್ಜಿಯಂ ಮೇಲೆ ಜರ್ಮನಿ ಕಾಲಿಟ್ಟಿತು, ಬೆಲ್ಜಿಯಂ ತಟಸ್ಥವಾಗಿರಲಿ ಎಂದು 1839ರಲ್ಲಿ ಎಲ್ಲರೂ ಸಹಿ ಹಾಕಿದ್ದರು, ಅದಕ್ಕೇ ಬಂತು ಎಂಬ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಸಮುದ್ರದಲ್ಲಿದೆ, ಕರಾವಳಿಯವರಾದ ನಿಮಗೆ ಬೇಗ ತಿಳಿಯುತ್ತದೆ. 1912ರ ಹೊತ್ತಿಗೆ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಹಡಗುಗಳ ಕೆಲಸ ಹಂಚಿಕೊಂಡಿದ್ದವು. ಫ್ರಾನ್ಸ್ ತನ್ನ ದೊಡ್ಡ ಹಡಗುಗಳನ್ನು ಮೆಡಿಟರೇನಿಯನ್‌ಗೆ ಒಯ್ದಿತು, ಉತ್ತರದ ಕಡಲು ಬ್ರಿಟನ್ನಿನ ಪಾಲಿಗೆ ಬಂತು. ‘ಇದರಿಂದ ಯಾರಿಗೂ ಯಾವ ಕಟ್ಟುಪಾಡೂ ಇಲ್ಲ’ ಎಂದು ಎರಡೂ ಕಡೆಯವರು ಪತ್ರ ಬರೆದುಕೊಂಡಿದ್ದರು ಕೂಡ. ಎರಡು ವರ್ಷ ಕಳೆದು ಯುದ್ಧ ಬಾಗಿಲಿಗೆ ಬಂದಾಗ ಫ್ರಾನ್ಸ್ ಕೇಳಿತು: ನಿಮ್ಮನ್ನು ನಂಬಿ ನಮ್ಮ ಉತ್ತರ ದಂಡೆಯನ್ನು ಬರಿದು ಮಾಡಿದ್ದೇವೆ, ಈಗ ಕಾಯುವವರು ಯಾರು? ಲಂಡನ್ನಿನ ಮಂತ್ರಿಮಂಡಲ ಇದಕ್ಕೆ ಇಲ್ಲ ಎನ್ನಲಾಗದೆ, ಆಗಸ್ಟ್ 2ರಂದು, ಅಂದರೆ ಯುದ್ಧ ಸಾರುವ ಎರಡು ದಿನ ಮೊದಲೇ, ಆ ದಂಡೆಯನ್ನು ಜರ್ಮನ್ ನೌಕಾಪಡೆಯಿಂದ ಕಾಯುತ್ತೇವೆ ಎಂದು ಮಾತು ಕೊಟ್ಟಿತು.

ಮಗನಿಗೆ ಇದನ್ನು ತೋರಿಸಿ. ದೊಡ್ಡ ದೇಶವೊಂದು ಯಾವಾಗ ಕಟ್ಟಿಬೀಳುತ್ತದೆ ಎಂದರೆ ಸಹಿ ಹಾಕಿದಾಗ ಅಲ್ಲ, ತನ್ನ ದಂಡೆ ಕಾಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟಾಗ, ಅಥವಾ ಇನ್ನೊಬ್ಬರ ದಂಡೆಯನ್ನು ತಾನು ಹೊತ್ತುಕೊಂಡಾಗ. ತನ್ನ ಹಣ, ಎಣ್ಣೆ, ಹಡಗಿನ ದಾರಿ ಇನ್ನೊಬ್ಬರ ಗೆಲುವಿಗೆ ಗಂಟುಬಿದ್ದಾಗ. ಸಹಿ ಎಷ್ಟೋ ಸಲ ಆಮೇಲೆ ಬರುತ್ತದೆ.

ಒಪ್ಪಂದವಿದ್ದೂ ಯುದ್ಧಕ್ಕೆ ಹೋಗದ ದೇಶ ನಿಮ್ಮ ಪಕ್ಕದಲ್ಲೇ ಇತ್ತು. ಗಡಿಯ ಮಾಜಾಳಿ ದಾಟಿದರೆ ಸಿಗುವ ಗೋವಾ ಆಗ ಪೋರ್ಚುಗಲ್ಲಿನದು ತಾನೆ? ಇಂಗ್ಲೆಂಡಿಗೂ ಪೋರ್ಚುಗಲ್‌ಗೂ 1373ರಷ್ಟು ಹಳೆಯ ಮೈತ್ರಿ ಒಪ್ಪಂದ. ಆದರೂ ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿತ್ತು, ಬ್ರಿಟನ್ನಿಗೂ ಅದೇ ಅನುಕೂಲವಾಗಿತ್ತು. ಹಾಗಾಗಿ ಕಾರವಾರ ಯುದ್ಧದಲ್ಲಿದ್ದ ಬ್ರಿಟಿಷರ ಮುಂಬೈ ಪ್ರಾಂತದ ಜಿಲ್ಲಾ ಕೇಂದ್ರ, ಗಡಿಯಾಚೆಯ ಗೋವಾ ಶಾಂತಿಯ ನೆಲ. ಯುದ್ಧ ಶುರುವಾದಾಗ ಎರೆನ್‌ಫೆಲ್ಸ್ ಮತ್ತಿತರ ಜರ್ಮನ್ ವ್ಯಾಪಾರಿ ಹಡಗುಗಳು ಮುರ್ಮುಗಾಂವ್ ಬಂದರಿನಲ್ಲಿ ಆಶ್ರಯ ಪಡೆದು ಅಲ್ಲೇ ಲಂಗರು ಹಾಕಿ ಕೂತವು. ಅಲ್ಲಿಂದ ಗುಪ್ತ ರೇಡಿಯೊ ಮೂಲಕ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಎಂಬ ಗುಮಾನಿ ಬ್ರಿಟಿಷರಿಗೆ. ತಟಸ್ಥ ಬಂದರಿಗೆ ಸೈನ್ಯ ಕಳಿಸುವಂತಿಲ್ಲ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಅರೆಕಾಲಿಕ ದಳದ ನಡುವಯಸ್ಸಿನ ಜನರನ್ನು, ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದ ಬಿಳಿಯರನ್ನು, ಒಂದು ಹಳೆಯ ಹೂಳೆತ್ತುವ ದೋಣಿಯಲ್ಲಿ ಕಳಿಸಿದರು. 1943ರ ಮಾರ್ಚ್ 9ರ ರಾತ್ರಿ ಅವರು ಎರೆನ್‌ಫೆಲ್ಸ್ ಹತ್ತಿದರು. ಉಳಿದ ಹಡಗುಗಳನ್ನು ಆಯಾ ಹಡಗಿನವರೇ ಮುಳುಗಿಸಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಬಂದರಿನಲ್ಲಿ ಅಮೆರಿಕ ಮತ್ತು ಜಪಾನ್ ತಂತಮ್ಮ ಬಳಿ ಸಿಕ್ಕಿಬಿದ್ದಿದ್ದ ಸಾವಿರಕ್ಕೂ ಹೆಚ್ಚು ನಾಗರಿಕರನ್ನು ಒಬ್ಬರಿಗೊಬ್ಬರು ಒಪ್ಪಿಸಿದವು. ಇತ್ತ ಪೋರ್ಚುಗಲ್ ಮಾತ್ರ ಆ ಹಳೇ ಒಪ್ಪಂದವನ್ನೇ ಮುಂದೆ ಮಾಡಿ, ಅಜೋರ್ಸ್ ದ್ವೀಪಗಳಲ್ಲಿ ಬ್ರಿಟನ್ನಿಗೆ ನೆಲೆ ಕೊಟ್ಟಿತು. ಅದೂ 1943ರಲ್ಲೇ, ಜರ್ಮನಿಯ ಕೈ ಸೋಲುತ್ತಿದೆ ಎಂದು ಖಾತ್ರಿಯಾಗುತ್ತಿದ್ದಾಗ. ಒಪ್ಪಂದ ಎಂದರೆ ಬಹುಮಟ್ಟಿಗೆ ಇಷ್ಟೇ. ಬೇಕಾದಾಗ ತೆಗೆಯುತ್ತಾರೆ, ಬೇಡದಾಗ ಮಡಚಿಡುತ್ತಾರೆ.

ಇಂದಿನ ನೇಟೋದಲ್ಲೂ ಅಷ್ಟೆ. ಅದರ ಐದನೇ ವಿಧಿಯ ಬಗ್ಗೆ ಟೀವಿಯವರು ಕೂಗಾಡುತ್ತಾರೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಅದರಲ್ಲಿ ಇರುವುದು ಹೌದು. ಆದರೆ ಪ್ರತಿ ದೇಶವೂ ತನಗೆ ಅಗತ್ಯ ಎಂದು ಕಂಡ ಕ್ರಮ ಕೈಗೊಳ್ಳಬಹುದು ಎಂದೂ ಅದರಲ್ಲೇ ಬರೆದಿದೆ. ಸೇನೆ ಕಳಿಸುವುದು ಅದರಲ್ಲೊಂದು ಆಯ್ಕೆ. ಆ ವಿಧಿ ಈವರೆಗೆ ಜಾರಿಯಾದದ್ದು ಒಂದೇ ಸಲ, 2001ರ ಸೆಪ್ಟೆಂಬರ್ ದಾಳಿಯ ನಂತರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಅಷ್ಟು ದೊಡ್ಡ ದೇಶಗಳು ಹೇಗೆ ಸಿಕ್ಕಿಬೀಳುತ್ತವೆ? ಇದಕ್ಕೆ 1939ರಿಂದ 1941ರವರೆಗಿನ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಯುದ್ಧದಲ್ಲಿ ಕೈಸುಟ್ಟುಕೊಂಡ ಅಮೆರಿಕನ್ನರು 1935ರಿಂದ ಸಾಲಾಗಿ ತಟಸ್ಥತೆಯ ಕಾನೂನುಗಳನ್ನು ಮಾಡಿಕೊಂಡರು. ಯುದ್ಧ ಮಾಡುವವರಿಗೆ ಆಯುಧ ಇಲ್ಲ, ಸಾಲ ಇಲ್ಲ. 1939ರ ನವೆಂಬರ್‌ನಲ್ಲಿ ಬಾಗಿಲು ಒಂದಿಷ್ಟು ತೆರೆಯಿತು: ನಗದು ಕೊಡಿ, ನಿಮ್ಮದೇ ಹಡಗಿನಲ್ಲಿ ಒಯ್ಯಿರಿ. 1940ರಲ್ಲಿ ಫ್ರಾನ್ಸ್ ಬಿದ್ದಮೇಲೆ ಸೆಪ್ಟೆಂಬರ್‌ನಲ್ಲಿ 50 ಹಳೆಯ ಯುದ್ಧನೌಕೆಗಳನ್ನು ಬ್ರಿಟನ್ನಿಗೆ ಕೊಟ್ಟು, ಪ್ರತಿಯಾಗಿ ಬ್ರಿಟಿಷ್ ನೆಲದಲ್ಲಿ ನೆಲೆಗಳನ್ನು 99 ವರ್ಷದ ಗೇಣಿಗೆ ಪಡೆದರು. ಬ್ರಿಟನ್ನಿನ ಕೈಯಲ್ಲಿ ನಗದು ಖಾಲಿಯಾಗುತ್ತಿದ್ದಂತೆ 1941ರ ಮಾರ್ಚ್ 11ಕ್ಕೆ ಲೆಂಡ್-ಲೀಸ್ ಕಾನೂನು ಬಂತು. ಈಗ ಒಯ್ಯಿರಿ, ಹಣದ ಮಾತು ಆಮೇಲೆ. ಯುದ್ಧ ಮುಗಿಯುವಷ್ಟರಲ್ಲಿ ಇದರಡಿ ಹೋದ ಸಾಮಗ್ರಿ ಸುಮಾರು 5,000 ಕೋಟಿ ಡಾಲರ್‌ನದ್ದು. ನಮ್ಮ ಸಿರಸಿಯಲ್ಲಿ ತೋಟದ ಮೇಲೆ ಮುಂಗಡ ಕೊಟ್ಟ ಅಡಿಕೆ ವ್ಯಾಪಾರಿಗೆ ಆ ತೋಟಕ್ಕೆ ಕೊಳೆರೋಗ ಬಂದರೆ ನಿದ್ದೆ ಬರುತ್ತದೆಯೇ? ಮದ್ದು ಹೊಡೆಸಲು ತಾನೇ ಓಡುತ್ತಾನೆ. ಅಮೆರಿಕಕ್ಕೂ ಹಾಗೇ ಆಯಿತು. ಕೊಟ್ಟ ಸಾಮಾನು ಅಟ್ಲಾಂಟಿಕ್‌ನಲ್ಲಿ ಮುಳುಗಿದರೆ ಕೊಟ್ಟು ಏನು ಬಂತು? ಆದ್ದರಿಂದ ದಾರಿ ಕಾಯಬೇಕು. ಜುಲೈನಲ್ಲಿ ಅಮೆರಿಕನ್ ಸೈನಿಕರು ಐಸ್‌ಲ್ಯಾಂಡಿಗೆ ಇಳಿದರು. ಸೆಪ್ಟೆಂಬರ್ ಹೊತ್ತಿಗೆ ಜರ್ಮನ್ ಜಲಾಂತರ್ಗಾಮಿ ಕಂಡರೆ ಗುಂಡು ಹಾರಿಸಲು ಅನುಮತಿ ಸಿಕ್ಕಿತು. ಅಕ್ಟೋಬರ್ 31ಕ್ಕೆ ಅಮೆರಿಕದ ರೂಬೆನ್ ಜೇಮ್ಸ್ ಯುದ್ಧನೌಕೆಯನ್ನು ಜರ್ಮನರು ಮುಳುಗಿಸಿದರು, ಅದರಲ್ಲಿದ್ದವರಲ್ಲಿ ಹೆಚ್ಚಿನವರು ಸತ್ತರು.

ಆಗಲೂ ಅಮೆರಿಕ ಯುದ್ಧ ಸಾರಲಿಲ್ಲ! ಜನರ ಮನಸ್ಸು ಎಷ್ಟು ಹಿಂಜರಿಯುತ್ತಿತ್ತು ಎಂಬುದಕ್ಕೆ ಒಂದೇ ಲೆಕ್ಕ ಸಾಕು. ಆ ಆಗಸ್ಟ್ 12ರಂದು, ಕಡ್ಡಾಯ ಸೈನಿಕ ಸೇವೆಯ ಅವಧಿ ವಿಸ್ತರಿಸುವ ಮಸೂದೆ ಅವರ ಕೆಳಮನೆಯಲ್ಲಿ 203–202 ಮತಗಳಿಂದ ಪಾಸಾಯಿತು. ಅದೇ ವಾರ ರೂಸ್‌ವೆಲ್ಟ್ ಮತ್ತು ಚರ್ಚಿಲ್ ನ್ಯೂಫೌಂಡ್‌ಲ್ಯಾಂಡ್ ಬಳಿ ಹಡಗಿನಲ್ಲಿ ಕೂತು, ಯುದ್ಧ ಮುಗಿದಮೇಲೆ ಜಗತ್ತು ಹೇಗಿರಬೇಕು ಎಂದು ಅಟ್ಲಾಂಟಿಕ್ ಸನದನ್ನು ತಯಾರಿಸುತ್ತಿದ್ದರು. ನಾಯಕ ಎಷ್ಟು ದೂರ ನಡೆದಿದ್ದ, ದೇಶ ಎಷ್ಟು ಹಿಂದೆ ಉಳಿದಿತ್ತು ನೋಡಿ.

ಬೆಂಕಿ ಬಿದ್ದದ್ದು ಮಾತ್ರ ಇನ್ನೊಂದು ಕಡಲಿನಲ್ಲಿ. 1941ರ ಜುಲೈನಲ್ಲಿ ಜಪಾನ್ ದಕ್ಷಿಣ ಇಂಡೋಚೀನಾಕ್ಕೆ ನುಗ್ಗಿದ್ದಕ್ಕೆ ಅಮೆರಿಕ ಜಪಾನಿನ ಹಣ ತಡೆಹಿಡಿದು ಎಣ್ಣೆ ನಿಲ್ಲಿಸಿತು. ಜಪಾನ್ ತರಿಸಿಕೊಳ್ಳುತ್ತಿದ್ದ ಎಣ್ಣೆಯ ಶೇ 80ರಷ್ಟು ಅಮೆರಿಕದ್ದೇ. ಕೂಡಿಟ್ಟ ಎಣ್ಣೆ ತೀರುವ ಮೊದಲು ಬಗ್ಗಬೇಕು, ಇಲ್ಲವೇ ಡಚ್ಚರ ಈಸ್ಟ್ ಇಂಡೀಸ್‌ನ ಎಣ್ಣೆಬಾವಿಗಳನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಳ್ಳಲು ಹೋದರೆ ಅಮೆರಿಕದ ನೌಕಾಪಡೆ ಅಡ್ಡ ಬರುತ್ತದೆ ಎಂದು ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಎರಗಿತು. ಎಣ್ಣೆ ನಿಲ್ಲಿಸಿದರೆ ಜಪಾನ್ ಹೆದರಿ ಹಿಂದೆ ಸರಿಯುತ್ತದೆ ಎಂಬುದು ಅಮೆರಿಕದ ಲೆಕ್ಕ, ಒಂದು ದೊಡ್ಡ ಏಟು ಕೊಟ್ಟರೆ ಅಮೆರಿಕ ಮಾತುಕತೆಗೆ ಬರುತ್ತದೆ ಎಂಬುದು ಜಪಾನಿನ ಲೆಕ್ಕ. ಎರಡೂ ತಪ್ಪಿದವು.

ಅಮೆರಿಕ ಡಿಸೆಂಬರ್ 8ಕ್ಕೆ ಯುದ್ಧ ಸಾರಿದ್ದು ಜಪಾನ್ ಮೇಲೆ ಮಾತ್ರ. ಜರ್ಮನಿಯ ಮೇಲೆ ಅಲ್ಲ. ಜರ್ಮನಿ, ಇಟಲಿ, ಜಪಾನ್‌ಗಳ 1940ರ ಒಪ್ಪಂದವೂ ಇಲ್ಲಿ ಹಿಟ್ಲರನನ್ನು ಕಟ್ಟಿಹಾಕಿರಲಿಲ್ಲ, ಯಾಕೆಂದರೆ ಮೂವರಲ್ಲಿ ಯಾರ ಮೇಲಾದರೂ ದಾಳಿಯಾದರೆ ನೆರವಿಗೆ ಬರಬೇಕು ಎಂದಿತ್ತು. ಇಲ್ಲಿ ದಾಳಿ ಮಾಡಿದ್ದೇ ಜಪಾನ್. ಆದರೂ ಡಿಸೆಂಬರ್ 11ಕ್ಕೆ ಹಿಟ್ಲರ್ ತಾನಾಗಿ ಅಮೆರಿಕದ ಮೇಲೆ ಯುದ್ಧ ಸಾರಿದ. ಹೇಗೂ ಅಟ್ಲಾಂಟಿಕ್‌ನಲ್ಲಿ ಗುಂಡು ಹಾರುತ್ತಿದೆ, ಅಮೆರಿಕದ ಕೈ ಪೆಸಿಫಿಕ್‌ನಲ್ಲಿ ಕಟ್ಟಿಬಿದ್ದಿರುವಾಗಲೇ ಮುಗಿಸೋಣ ಎಂದುಕೊಂಡ. ಚರ್ಚಿಲ್ ಎರಡು ವರ್ಷ ಗೋಗರೆದರೂ ಆಗದ ಕೆಲಸವನ್ನು ಶತ್ರುವೇ ಮಾಡಿಕೊಟ್ಟ ಹಾಗಾಯಿತು.

ರಷ್ಯಾದ ವಿಷಯ ಇನ್ನೂ ವಿಚಿತ್ರ. 1939ರ ಆಗಸ್ಟ್ 23ರಂದು ಸ್ಟಾಲಿನ್ ಹಿಟ್ಲರನ ಜೊತೆಗೇ ಒಪ್ಪಂದ ಮಾಡಿಕೊಂಡು, ಪೋಲೆಂಡನ್ನು ಇಬ್ಬರೂ ಹಂಚಿಕೊಂಡಿದ್ದರು. 1941ರ ಜೂನ್ 22ರ ನಸುಕಿನಲ್ಲಿ ಜರ್ಮನ್ ಸೇನೆ ಗಡಿ ದಾಟುವವರೆಗೂ ಸೋವಿಯತ್ ಧಾನ್ಯ ಮತ್ತು ಎಣ್ಣೆಯ ರೈಲುಗಳು ಜರ್ಮನಿಗೆ ಹೋಗುತ್ತಲೇ ಇದ್ದವು. ಅದೇ ದಿನ ಸಂಜೆ ಚರ್ಚಿಲ್ ರೇಡಿಯೊದಲ್ಲಿ ರಷ್ಯಾಕ್ಕೆ ನೆರವು ಘೋಷಿಸಿದರು, ಬೋಲ್ಷೆವಿಕರನ್ನು ಆಯುಷ್ಯವಿಡೀ ಬೈದ ಅದೇ ಚರ್ಚಿಲ್. ಜುಲೈ 12ಕ್ಕೆ ಒಪ್ಪಂದವಾಯಿತು: ಪರಸ್ಪರ ನೆರವು ಕೊಡಬೇಕು, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಂಧಾನಕ್ಕೆ ಹೋಗಬಾರದು. ಯುದ್ಧ ಮೊದಲು, ಸಹಿ ಆಮೇಲೆ. ಅಷ್ಟಾಗಿಯೂ ಜಪಾನ್ ಜೊತೆಗಿನ ತಟಸ್ಥತೆಯನ್ನು ರಷ್ಯಾ ಕೊನೆಯವರೆಗೂ ಜೋಪಾನ ಮಾಡಿತು. ಮಿತ್ರರಾಷ್ಟ್ರಗಳ ನಾಯಕರು ಸೇರಿದ್ದ ಯಾಲ್ಟಾ ಸಭೆಯಲ್ಲಿ ಕುರಿಲ್ ದ್ವೀಪಗಳು, ದಕ್ಷಿಣ ಸಖಾಲಿನ್, ಬಂದರಿನ ಹಕ್ಕುಗಳು ಎಂದು ಬೆಲೆ ಗೊತ್ತುಮಾಡಿಕೊಂಡು, ಜರ್ಮನಿ ಶರಣಾಗಿ ಸರಿಯಾಗಿ ಮೂರು ತಿಂಗಳಿಗೆ, 1945ರ ಆಗಸ್ಟ್ 8ಕ್ಕೆ, ಜಪಾನ್ ಮೇಲೆ ಯುದ್ಧ ಸಾರಿತು. ಟರ್ಕಿಯಂತೂ ಜರ್ಮನಿಯ ಮೇಲೆ ಯುದ್ಧ ಸಾರಿದ್ದು 1945ರ ಫೆಬ್ರುವರಿ 23ಕ್ಕೆ. ಮಾರ್ಚ್ 1ರೊಳಗೆ ಸಾರಿದವರಿಗೆ ಮಾತ್ರ ವಿಶ್ವಸಂಸ್ಥೆ ಕಟ್ಟುವ ಸಭೆಗೆ ಕರೆ ಎಂದಿತ್ತು. ಊಟದ ಹೊತ್ತಿಗೆ ಸರಿಯಾಗಿ ಬಂದರು ಅನ್ನಿ.

ಹಾಗಾದರೆ ನಿಜವಾಗಿ ಎಳೆದು ತಂದದ್ದು ಯಾರನ್ನು? ನಮ್ಮನ್ನು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿದರು. ಆಯ್ಕೆಯಾಗಿ ಬಂದ ಒಬ್ಬ ಪ್ರತಿನಿಧಿಯನ್ನೂ ಕೇಳಲಿಲ್ಲ. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವು, ನಮ್ಮ ಜಿಲ್ಲೆ ಸೇರಿದ್ದ ಮುಂಬೈ ಪ್ರಾಂತದ್ದೂ ಅದರಲ್ಲಿತ್ತು. 25 ಲಕ್ಷ ಭಾರತೀಯರು ಸೇನೆ ಸೇರಿದರು. 1942ರ ಜನವರಿಯಲ್ಲಿ ಮಿತ್ರರಾಷ್ಟ್ರಗಳ ಘೋಷಣೆಗೆ ಸಹಿ ಹಾಕಿದ 26 ದೇಶಗಳಲ್ಲಿ ಭಾರತದ ಹೆಸರೂ ಇದೆ, ಆದರೆ ಆ ಸಹಿಯ ಹಿಂದೆ ಇದ್ದದ್ದು ಬ್ರಿಟಿಷ್ ಸರ್ಕಾರ. ಅದೇ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾದಮೇಲೆ ಬರ್ಮಾ ಅಕ್ಕಿಯೂ ನಿಂತಿತು. ಹಿರಿಯರು ಹೇಳುತ್ತಿದ್ದ ರೇಷನ್ ಕಾಲ ಅದೇ. ಸ್ವಂತ ನಿರ್ಧಾರ ಕೈಯಲ್ಲಿಲ್ಲದವನು ಯುದ್ಧಕ್ಕೆ ಎಳೆಯಲ್ಪಡುತ್ತಾನೆ. ದೊಡ್ಡವರು ಬಹುಪಾಲು ತಾವೇ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ಕೊನೆಯ ಮೆಟ್ಟಿಲಿನಲ್ಲಿ ಯಾರೋ ತಳ್ಳುತ್ತಾರೆ.

ಇಂದಿನ ಭಾರತದ ಮುಂದೆ ಇರುವ ದಾರಿಗಳು ಯಾವುವು? ಪೂರ್ತಿ ತಟಸ್ಥವಾಗಿ ಇದ್ದುಬಿಡುವುದು ಕೇಳಲು ಚೆನ್ನ. ಆದರೆ ನಾರ್ವೆ ಮತ್ತು ಬೆಲ್ಜಿಯಂ ತಟಸ್ಥವಾಗಿದ್ದೇ 1940ರಲ್ಲಿ ಜರ್ಮನಿಯ ಕಾಲಡಿ ಬಿದ್ದವು. ಸ್ವೀಡನ್ ಉಳಿದುಕೊಂಡಿತು, ಆದರೆ ಜರ್ಮನಿಗೆ ಕಬ್ಬಿಣದ ಅದಿರು ಮಾರಿ, ಜರ್ಮನ್ ಸೈನಿಕರ ರೈಲುಗಳಿಗೆ ದಾರಿ ಬಿಟ್ಟು. ಪೂರ್ತಿ ಮೈತ್ರಿಗೆ ಸೇರಿದರೆ ಅಪಾಯ ಎರಡು ಬದಿಯಿಂದ: ಅವರ ಜಗಳ ನಮ್ಮದಾಗಬಹುದು, ಅಥವಾ ನಮ್ಮ ಜಗಳದ ಹೊತ್ತಿಗೆ ಅವರು ಕೈಕೊಡಬಹುದು. 1938ರಲ್ಲಿ ಫ್ರಾನ್ಸಿನ ಒಪ್ಪಂದ ನಂಬಿದ್ದ ಚೆಕೊಸ್ಲೊವಾಕಿಯಾವನ್ನು ಮ್ಯೂನಿಕ್‌ನಲ್ಲಿ ಅದರ ಗೈರುಹಾಜರಿಯಲ್ಲೇ ಕತ್ತರಿಸಿ ಹಿಟ್ಲರನಿಗೆ ಕೊಟ್ಟರು. ನಮ್ಮ ನೆರೆಯ ಪಾಕಿಸ್ತಾನವೂ ಅಮೆರಿಕದ ಎರಡೆರಡು ಕೂಟಗಳಲ್ಲಿತ್ತು. 1965ರಲ್ಲಾಗಲಿ 1971ರಲ್ಲಾಗಲಿ ಅದರ ಪರ ಕಾದಾಡಲು ಒಬ್ಬ ಅಮೆರಿಕನ್ ಸೈನಿಕನೂ ಬರಲಿಲ್ಲ. 1971ರಲ್ಲಿ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದು ಮುಖ ತೋರಿಸಿ ಹೋಯಿತು.

ಭಾರತ ಹಿಡಿದಿರುವುದು ಮೂರನೆಯ ದಾರಿ. 1971ರ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದದ ಒಂಬತ್ತನೇ ವಿಧಿಯಲ್ಲಿ ಇದ್ದದ್ದು, ದಾಳಿಯ ಭೀತಿ ಬಂದರೆ ಕೂಡಲೇ ಸಮಾಲೋಚನೆ ಮಾಡೋಣ ಎಂದು. ರಷ್ಯನ್ ಸೈನ್ಯ ಬರಲಿಲ್ಲ. ಭದ್ರತಾ ಮಂಡಳಿಯಲ್ಲಿ ವೀಟೊ ಬಂತು, ಅದೇ ನಮಗೆ ಬೇಕಾದದ್ದೂ ಆಗಿತ್ತು. 2016ರಲ್ಲಿ ಅಮೆರಿಕದ ಜೊತೆ ಆದ ಲೆಮೋವಾ ಒಪ್ಪಂದವೂ ಹೀಗೆಯೇ. ಪರಸ್ಪರರ ಹಡಗು, ವಿಮಾನಗಳಿಗೆ ಇಂಧನ, ಆಹಾರ, ರಿಪೇರಿಯನ್ನು ಹಣಕ್ಕೆ, ಪ್ರತಿ ಸಲವೂ ಕೇಳಿ, ಒದಗಿಸುವುದು. ನೆಲೆ ಬಿಟ್ಟುಕೊಡುವ ಮಾತು ಅದರಲ್ಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಅಮೆರಿಕ ಒಂದು ಕೂಟ ಕಟ್ಟಿತು. ಭಾರತ ಅದಕ್ಕೆ ಸೇರಲಿಲ್ಲ, ಆದರೆ ಪಕ್ಕದ ಏಡನ್ ಕೊಲ್ಲಿಗೆ, ಅರಬ್ಬಿ ಸಮುದ್ರಕ್ಕೆ ತನ್ನ ಹಡಗುಗಳನ್ನು ತನ್ನ ಲೆಕ್ಕದಲ್ಲಿ ಕಳಿಸಿತು. 2024ರ ಮಾರ್ಚ್‌ನಲ್ಲಿ ರುಯೆನ್ ಎಂಬ ಹಡಗಿನಿಂದ 35 ಸೊಮಾಲಿ ಕಡಲ್ಗಳ್ಳರನ್ನು ಹಿಡಿದು 17 ಮಂದಿಯನ್ನು ಬಿಡಿಸಿದ್ದು ಆ ಕೆಲಸದಲ್ಲೇ.

ಈ ಮೂರನೇ ದಾರಿಗೂ ಅಪಾಯವಿದೆ, ಅಮೆರಿಕ 1941ರಲ್ಲಿ ಜಾರಿದ್ದು ಇದೇ ದಾರಿಯಲ್ಲಿ. ಹಾಗಾಗಿ ಹಡಗು ಬಂತು, ಜಂಟಿ ಕವಾಯತು ನಡೆಯಿತು ಎಂಬ ಸುದ್ದಿಗೆ ಗಾಬರಿಯಾಗಬೇಡಿ. ಇನ್ನೊಂದು ದೇಶದ ಯುದ್ಧನೌಕೆಗಳು ಇಲ್ಲಿ ಕಾಯಂ ಬಿಡಾರ ಹೂಡಿದರೆ, ನಮ್ಮ ಕಡಲಿನ ಒಂದು ಭಾಗವನ್ನು ಅವರು ಕಾಯುತ್ತಾರೆ ಎಂದು ನಾವು ಹಡಗು ತೆಗೆದರೆ, ಯುದ್ಧದ ನಡುವೆ ಇರುವ ದೇಶಕ್ಕೆ ನಮ್ಮ ನೌಕಾಪಡೆ ಬೆಂಗಾವಲು ಹೋಗತೊಡಗಿದರೆ, ಆಗ ಗಮನ ಕೊಡಿ. ಇವತ್ತಿಗೆ ಭಾರತ ಈ ಮೂರರಲ್ಲಿ ಒಂದನ್ನೂ ಮಾಡಿಲ್ಲ.

ಇನ್ನು ಕಾರವಾರ. ಇದನ್ನು ಸಿಹಿ ಲೇಪಿಸಿ ಹೇಳಲಾರೆ. ಭಾರತವೇ ಭಾಗಿಯಾದ ಯುದ್ಧದಲ್ಲಿ ಯಾವುದೇ ನೌಕಾನೆಲೆ ಶತ್ರುವಿನ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಕ್ವಾಡ್ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಘರ್ಷಣೆಯಾದಾಗ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ನಡೆಸಬೇಕಾದ ಊರುಗಳ ಪಟ್ಟಿಯಲ್ಲಿ ಕಾರವಾರ ಇತ್ತಲ್ಲ, ಅದು ಸುಮ್ಮನೆ ಅಲ್ಲ. ಆದರೆ ಮುಂಬೈ ಬಂದರಿನ ಗದ್ದಲದಿಂದ ದೂರ, ಪಾಕಿಸ್ತಾನದಿಂದಲೂ ದೂರ ಇರಲಿ ಎಂಬ ಕಾರಣಕ್ಕೂ ಈ ಜಾಗವನ್ನು ಆರಿಸಿದ್ದು. ಮುಂದಿನ ಸಲ ಡ್ರಿಲ್ ನಡೆದರೆ ತಮಾಷೆ ಎಂದುಕೊಳ್ಳದೆ ಕಾಲೊನಿಯವರೆಲ್ಲ ಹೋಗಿ, ಸೈರನ್ ಆದರೆ ಎಲ್ಲಿ ನಿಲ್ಲಬೇಕು ಎಂದು ತಿಳಿದುಕೊಂಡು ಬನ್ನಿ. ಅದರಾಚೆ ಒಂದು ಮನೆಯವರು ಮಾಡಬಹುದಾದದ್ದು ಹೆಚ್ಚಿಲ್ಲ. ಸಿರಸಿಗೆ ಅಕ್ಕನ ಮನೆಗೆ ಮಾರಿಕಾಂಬೆ ಜಾತ್ರೆಗೆ ಬನ್ನಿ. ಈ ಹೆದರಿಕೆಗೆ ಮನೆ ಬದಲಿಸಬೇಡಿ.

ನಿಮ್ಮ ಮನೆಯ ಮಟ್ಟಿಗೆ ನನಗೆ ಹೆಚ್ಚು ಯೋಚನೆಯಾಗುವುದು ಮಸ್ಕತ್ತಿನದ್ದು. ಪಶ್ಚಿಮ ಏಷ್ಯಾದಲ್ಲಿ ಯುದ್ಧವಾದರೆ, ನಾವು ಅದರಲ್ಲಿ ಇಲ್ಲದಿದ್ದರೂ, ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಮನೆಗಳಿಗೆ ಬಿಸಿ ತಟ್ಟುತ್ತದೆ. ನಾವು ತರಿಸುವ ಅಡುಗೆ ಅನಿಲದ ಬಹುಪಾಲು ಹೋರ್ಮುಜ್ ಜಲಸಂಧಿಯ ಮೂಲಕವೇ ಬರುವುದು. ಮಸ್ಕತ್ ಆ ಜಲಸಂಧಿಯ ಹೊರಬದಿಯಲ್ಲಿದೆ, ಅಷ್ಟರ ಮಟ್ಟಿಗೆ ಸಮಾಧಾನ. ಯಜಮಾನರಿಗೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ನೋಂದಾಯಿಸಲು ಹೇಳಿ. ಪಾಸ್‌ಪೋರ್ಟ್ ಕೆಲಸದ ಮಾಲೀಕರ ಕೈಯಲ್ಲಿದ್ದರೆ ವಾಪಸ್ ಕೇಳಿ ಪಡೆಯಲಿ. ಮೂರು ತಿಂಗಳ ಮನೆಖರ್ಚು ಇಲ್ಲಿಯ ಬ್ಯಾಂಕಿನಲ್ಲಿ ಇರಲಿ. 1990ರಲ್ಲಿ ಕುವೈತಿನಿಂದ ಸುಮಾರು 1.7 ಲಕ್ಷ ಜನರನ್ನು, 2015ರಲ್ಲಿ ಯೆಮನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ಸರ್ಕಾರ ವಾಪಸ್ ಕರೆತಂದಿದೆ. ಅಂಥ ಹೊತ್ತಿನಲ್ಲಿ ಹೆಸರು ಪಟ್ಟಿಯಲ್ಲಿದ್ದವರನ್ನು ಹುಡುಕುವುದು ಸುಲಭ.

ಮಗನನ್ನು ಮಹಾಯುದ್ಧದ ಹೆದರಿಕೆಗೆ ತಡೆಯಬೇಡಿ. ತಡೆದು ಯೋಚಿಸಬೇಕಾದ ವಿಷಯ ಬೇರೆ ಇದೆ: ಅಗ್ನಿವೀರರ ಸೇವೆ ನಾಲ್ಕು ವರ್ಷ, ಅದರ ಕೊನೆಗೆ ಕಾಯಂ ಆಗುವವರು ಗರಿಷ್ಠ ಶೇ 25. ಉಳಿದವರು ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿಗೆ ಮನೆಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ಹೊತ್ತಿಗೆ ಏನು ಮಾಡುತ್ತೀಯ ಎಂದು ಈಗಲೇ ಕೂರಿಸಿಕೊಂಡು ಕೇಳಿ, ಡಿಪ್ಲೊಮಾ ಆಗಲಿ ಮರ್ಚೆಂಟ್ ನೇವಿಯಾಗಲಿ ಏನಾದರೊಂದು ಉತ್ತರ ಅವನಲ್ಲಿರಲಿ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇದ್ದರೆ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ವಿಭಾಗಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಮೇಲೆ ಎಂಆರ್ (ಮೆಟ್ರಿಕ್ ರಿಕ್ರೂಟ್) ವಿಭಾಗಕ್ಕೆ. ತರಬೇತಿ ಒಡಿಶಾದ ಚಿಲ್ಕಾದಲ್ಲಿ. ಅರ್ಜಿ ನೌಕಾಪಡೆಯ ಅಧಿಕೃತ ಜಾಲತಾಣದಲ್ಲೇ ಹಾಕಲಿ, ‘ಸೀಬರ್ಡ್ ಒಳಗೆ ನಮ್ಮ ಜನ ಇದ್ದಾರೆ, ಸೇರಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿ.